ಎದುರು ಬದಿಯಲ್ಲಿ ನಿಂತ ನಮ್ಮ ಗುರು

2024ರ ಮಾರ್ಚ್ 26, ಪವಿತ್ರ ವಾರದ ಮಂಗಳವಾರ. ಅರಸೀಕೆರೆಯ ರೈಲು ನಿಲ್ದಾಣಕ್ಕೆ ಸಮೀಪದ ಒಂದು ಮನೆಯಲ್ಲಿ ಅಂದು ಸಂಜೆಯ ಜಪಮಾಲೆ ಎಂದಿಗಿಂತ ಬೇಗನೆ ಮುಗಿದಿತ್ತು. ಮನೆಯ ಹಿರಿಯರು ರೈಲ್ವೆ ನೌಕರಿಯಿಂದ ನಿವೃತ್ತರಾದವರು. ತಾರುಣ್ಯದಲ್ಲಿ ಕಾಲ್ಚೆಂಡಾಟದ ಹುಚ್ಚು ಹತ್ತಿಸಿಕೊಂಡವರು. ತಪಸ್ಸುಕಾಲದಲ್ಲಿ ಟಿ.ವಿ. ಹಚ್ಚಬಾರದೆಂಬ ಅವರ ಕಟ್ಟುನಿಟ್ಟು ಆ ಒಂದು ಸಂಜೆಗೆ ಸಡಿಲವಾಗಿತ್ತು. ಗುವಾಹಟಿಯಲ್ಲಿ ಭಾರತಕ್ಕೂ ಆಫ್ಘಾನಿಸ್ತಾನಕ್ಕೂ ವಿಶ್ವಕಪ್ ಅರ್ಹತಾ ಪಂದ್ಯವಿತ್ತು. ಸುನಿಲ್ ಚೆಟ್ರಿಯವರಿಗೆ ಅದು 150ನೆಯ ಅಂತರರಾಷ್ಟ್ರೀಯ ಪಂದ್ಯ. ಈ ಲೇಖಕನೂ ಆ ಮನೆಯಲ್ಲಿ ಒಂದು ಕುರ್ಚಿ ಹಿಡಿದು ಕುಳಿತಿದ್ದ.

ಪಂದ್ಯ ಆರಂಭವಾಗಿ ಸ್ವಲ್ಪ ಹೊತ್ತಿಗೆ ಕ್ಯಾಮೆರಾ ಆಫ್ಘಾನಿಸ್ತಾನದ ತರಬೇತುದಾರರ ಕಡೆಗೆ ತಿರುಗಿತು. ಹಿರಿಯರು ಕನ್ನಡಕ ಸರಿಪಡಿಸಿಕೊಂಡು ಮುಂದಕ್ಕೆ ಬಾಗಿದರು. "ಏನಪ್ಪಾ, ಇವರು ನಮ್ಮ ಬೆಂಗಳೂರು ಟೀಮಿನ ಕೋಚ್ ಅಲ್ಲವೇನೋ?" ಎಂದು ಮೊಮ್ಮಗನನ್ನು ಕೇಳಿದರು. "ಹೌದು ತಾತ, ವೆಸ್ಟ್‌ವುಡ್. ಈಗ ಅವರ ಕಡೆ" ಎಂದ ಹುಡುಗ. ಹಿರಿಯರು ಏನೂ ಹೇಳಲಿಲ್ಲ. ಆದರೆ ಅಲ್ಲಿಂದ ಮುಂದೆ ಅವರು ಚೆಂಡಿಗಿಂತ ಆ ಮನುಷ್ಯನನ್ನೇ ಹೆಚ್ಚಾಗಿ ನೋಡುತ್ತಿದ್ದಂತೆ ಕಂಡಿತು.

ಆಶ್ಲಿ ವೆಸ್ಟ್‌ವುಡ್ 1976ರಲ್ಲಿ ಇಂಗ್ಲೆಂಡಿನ ಬ್ರಿಜ್‌ನಾರ್ತ್ ಎಂಬ ಪಟ್ಟಣದಲ್ಲಿ ಜನಿಸಿದವರು. ಮ್ಯಾಂಚೆಸ್ಟರ್ ಯುನೈಟೆಡ್‌ನ ಕಿರಿಯರ ತಂಡದಲ್ಲಿ ರಕ್ಷಣಾ ಆಟಗಾರರಾಗಿ ಬೆಳೆದು, 1995ರಲ್ಲಿ ಆ ದೇಶದ ಯುವ ಕಪ್ ಗೆದ್ದ ತಂಡದಲ್ಲಿ ಆಡಿದರು. ಅದೇ ತಂಡದಲ್ಲಿದ್ದ ಫಿಲ್ ನೆವಿಲ್ ಮುಂದೆ ಲೋಕಪ್ರಸಿದ್ಧರಾದರೆ, ವೆಸ್ಟ್‌ವುಡ್ ಅವರಿಗೆ ಯುನೈಟೆಡ್‌ನ ಹಿರಿಯರ ತಂಡದಲ್ಲಿ ಒಂದು ಪಂದ್ಯವೂ ದಕ್ಕಲಿಲ್ಲ. ಕ್ರೂ, ಬ್ರಾಡ್‌ಫರ್ಡ್, ಶೆಫೀಲ್ಡ್ ವೆಡ್ನಸ್‌ಡೇ, ನಾರ್ತಾಂಪ್ಟನ್ ಎಂದು ಊರಿಂದೂರಿಗೆ ಅಲೆದ ಆಟದ ಬದುಕು ಅವರದು. ಆಟ ಮುಗಿದ ಮೇಲೆ ಸಹಾಯಕ ತರಬೇತುದಾರರಾಗಿ ಕೆಲಸ ಕಲಿತರು.

2013ರ ಜುಲೈನಲ್ಲಿ ಬೆಂಗಳೂರು ಎಫ್.ಸಿ. ಎಂಬ ಹೊಸ ತಂಡ ಹುಟ್ಟಿತು. ಅದರ ಮೊದಲ ತರಬೇತುದಾರರಾಗಿ ಬಂದಾಗ ವೆಸ್ಟ್‌ವುಡ್ ಅವರಿಗೆ ಇನ್ನೂ 37 ತುಂಬಿರಲಿಲ್ಲ. ಒಂದು ತಂಡದ ಪೂರ್ಣ ಹೊಣೆ ಹೊತ್ತು ಹೆಸರು ಮಾಡುವ ಅವಕಾಶ ಅವರಿಗೆ ದೊರೆತದ್ದು ನಮ್ಮ ನಾಡಿನಲ್ಲಿ ಎಂಬುದನ್ನು ಓದುಗರು ಗಮನಿಸಬೇಕು. ಕೆಲವೇ ವಾರಗಳಲ್ಲಿ ಕೂಡಿಸಿದ ಆ ತಂಡ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಸೆಪ್ಟೆಂಬರ್ 22ರಂದು ಮೋಹನ್ ಬಾಗಾನ್ ಎದುರು 1-1ರ ಸಮಬಲದೊಂದಿಗೆ ಆರಂಭಿಸಿತು. ಪಶ್ಚಿಮದ ಕಟ್ಟೆಯಲ್ಲಿ ನಿಂತು ಹಾಡುವ ಹುಡುಗರ ಒಂದು ದಂಡು ಹುಟ್ಟಿಕೊಂಡಿತು. ಆಹಾರ, ವಿಶ್ರಾಂತಿ, ದೇಹದಾರ್ಢ್ಯಗಳ ವಿಷಯದಲ್ಲಿ ಹೊಸ ಗುರುವಿನದು ರಾಜಿಯಿಲ್ಲದ ಶಿಸ್ತು. ಅವರ ಆಟ ಕಣ್ಣಿಗೆ ಇಂಪಲ್ಲ, ಎತ್ತರದ ಚೆಂಡನ್ನೂ ಮೂಲೆ ಒದೆತವನ್ನೂ ನೆಚ್ಚಿದ್ದು ಎಂದು ರಸಿಕರು ಗೊಣಗಿದ್ದುಂಟು. ಆ ಗೊಣಗಾಟದಲ್ಲಿ ಸ್ವಲ್ಪ ಸತ್ಯವೂ ಇತ್ತೆಂದು ನನ್ನ ಎಣಿಕೆ. ಆದರೆ 2014ರ ಏಪ್ರಿಲ್ 21ರಂದು, ಪಾಸ್ಖ ಹಬ್ಬದ ಮರುದಿನ, ಗೋವೆಯ ಫತೋರ್ಡಾದಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ, ಹುಟ್ಟಿದ ಮೊದಲ ವರ್ಷದಲ್ಲೇ ಐ-ಲೀಗ್ ಪ್ರಶಸ್ತಿಯನ್ನು ಬೆಂಗಳೂರಿಗೆ ತಂದಾಗ ಗೊಣಗುವವರು ಕಡಿಮೆಯಾದರು.

2015ರ ಜನವರಿಯಲ್ಲಿ ಫೆಡರೇಷನ್ ಕಪ್ ಬಂತು. ಅದೇ ವರ್ಷ ಮೇ 31ರ ಭಾನುವಾರ ಕಂಠೀರವ ಕ್ರೀಡಾಂಗಣದಲ್ಲಿ ಮಳೆಯ ನಡುವೆ ನಡೆದ ಕೊನೆಯ ಪಂದ್ಯವನ್ನು ನೋಡಿದವರು ಮರೆಯಲಾರರು. ಗೆದ್ದಿದ್ದರೆ ಲೀಗ್ ಪ್ರಶಸ್ತಿ ಬೆಂಗಳೂರಿನದು. ಒಂದು ಗೋಲಿನ ಮುನ್ನಡೆಯೂ ಇತ್ತು. ಮುಕ್ತಾಯಕ್ಕೆ ಕೆಲವೇ ನಿಮಿಷಗಳಿರುವಾಗ ಬೆಲ್ಲೊ ರಜಾಕ್ ತಲೆಯಿಂದ ಹೊಡೆದ ಗೋಲು ಪ್ರಶಸ್ತಿಯನ್ನು ಮೋಹನ್ ಬಾಗಾನ್ ಕೈಗೆ ಕೊಟ್ಟಿತು. ಮರುವರ್ಷ, 2016ರ ಏಪ್ರಿಲ್ 17ರಂದು, ಅದೇ ಮೈದಾನದಲ್ಲಿ ಸಾಲ್ಗಾಂವ್ಕರ್ ತಂಡವನ್ನು ಮಣಿಸಿ ಬೆಂಗಳೂರು ಮತ್ತೆ ಲೀಗ್ ಗೆದ್ದಿತು. ಆ ಬೇಸಿಗೆಯಲ್ಲೇ ವೆಸ್ಟ್‌ವುಡ್ ಬೆಂಗಳೂರು ಬಿಟ್ಟರು.

ಅನಂತರದ ವರ್ಷಗಳು ಅಷ್ಟು ಸುಖದವಲ್ಲ. ಮಲೇಷ್ಯಾದ ಪೆನಾಂಗ್, ಕೋಲ್ಕತಾದ ಎಟಿಕೆಯಲ್ಲಿ ಕೆಲವೇ ವಾರಗಳ ಹಂಗಾಮಿ ಹೊಣೆ, ಆಮೇಲೆ ಪಂಜಾಬಿನ ತಂಡ. ಎಲ್ಲಿಯೂ ಬೆಂಗಳೂರಿನಂತೆ ಬೇರು ಬಿಡಲಾಗಲಿಲ್ಲ. 2023ರ ನವೆಂಬರ್‌ನಲ್ಲಿ ಅವರು ಆಫ್ಘಾನಿಸ್ತಾನದ ರಾಷ್ಟ್ರೀಯ ತಂಡವನ್ನು ವಹಿಸಿಕೊಂಡರು.

ಆ ತಂಡದ ಸ್ಥಿತಿಯನ್ನು ಸ್ವಲ್ಪ ವಿವರಿಸಬೇಕು. ತಾಯ್ನಾಡಿನಲ್ಲಿ ಪಂದ್ಯವಾಡುವಂತಿಲ್ಲ, 'ಸ್ವಂತ ನೆಲ'ದ ಪಂದ್ಯಗಳೂ ಸೌದಿ ಅರೇಬಿಯಾದಲ್ಲಿ. ಆಟಗಾರರಲ್ಲಿ ಅನೇಕರು ಯುದ್ಧಕ್ಕೆ ಹೆದರಿ ದೇಶ ಬಿಟ್ಟ ಕುಟುಂಬಗಳ ಮಕ್ಕಳು, ಐರೋಪ್ಯ ದೇಶಗಳಲ್ಲೂ ಆಸ್ಟ್ರೇಲಿಯಾದಲ್ಲೂ ಬೆಳೆದವರು. ಮೊದಲ ಪಂದ್ಯದಲ್ಲಿ ಕತಾರ್ ಎದುರು 1-8ರ ಸೋಲು, ಐದು ದಿನಗಳ ಬಳಿಕ ಕುವೈತ್ ಎದುರು 0-4. ಸಾಲದೆಂಬಂತೆ 2024ರ ಮಾರ್ಚ್‌ನಲ್ಲಿ ತಮ್ಮ ಫೆಡರೇಷನ್ನಿನ ಮೇಲೆ ಭ್ರಷ್ಟಾಚಾರದ ಆರೋಪ ಹೊರಿಸಿ 18 ಆಟಗಾರರು ತಂಡವನ್ನು ಬಹಿಷ್ಕರಿಸಿದರು. ಉಳಿದವರನ್ನು ಕಟ್ಟಿಕೊಂಡು ವೆಸ್ಟ್‌ವುಡ್ ಭಾರತವನ್ನು ಎದುರಿಸಬೇಕಾಯಿತು. ವಿಶ್ವ ಶ್ರೇಯಾಂಕದಲ್ಲಿ ಭಾರತ 117, ಆಫ್ಘಾನಿಸ್ತಾನ 158.

ಮಾರ್ಚ್ 21ರಂದು ಸೌದಿಯ ಅಭಾ ನಗರದಲ್ಲಿ ಗೋಲಿಲ್ಲದೆ ಪಂದ್ಯ ಸಮವಾಯಿತು. ಐದು ದಿನ ಕಳೆದು ಗುವಾಹಟಿ. ಮೊದಲರ್ಧದಲ್ಲಿ ಚೆಟ್ರಿ ಪೆನಾಲ್ಟಿಯಿಂದ ಗೋಲು ಹೊಡೆದಾಗ ಅರಸೀಕೆರೆಯ ಆ ಮನೆಯಲ್ಲಿ ಚಪ್ಪಾಳೆಯಾಯಿತು. 70ನೆಯ ನಿಮಿಷದಲ್ಲಿ ರಹಮತ್ ಅಕ್ಬರಿ ಸಮ ಮಾಡಿದರು. 88ನೆಯ ನಿಮಿಷದಲ್ಲಿ ಆಫ್ಘಾನಿಸ್ತಾನಕ್ಕೆ ಪೆನಾಲ್ಟಿ. ಒದೆಯಲು ಬಂದವರು ಷರೀಫ್ ಮುಖಮ್ಮದ್. ಗೋಕುಲಂ ಕೇರಳ ತಂಡದಲ್ಲಿ ಆಡಿ 2021 ಮತ್ತು 2022ರಲ್ಲಿ ಐ-ಲೀಗ್ ಗೆದ್ದವರೇ ಇವರು! ತರಬೇತುದಾರರು ಬೆಂಗಳೂರಿನಲ್ಲಿ ನಮ್ಮನ್ನು ಅರಿತವರು, ಒದೆಯುವವರು ಕೋಳಿಕೋಡಿನಲ್ಲಿ ಅರಿತವರು. ಚೆಂಡು ಬಲೆಗೆ ಬಿತ್ತು. ಭಾರತ 1, ಆಫ್ಘಾನಿಸ್ತಾನ 2.

ಮನೆಯಲ್ಲಿ ಮೌನ. ಹುಡುಗನಿಗೆ ಕೋಪ ಬಂದಿತ್ತು. "ನಮ್ಮ ಅನ್ನ ತಿಂದು ನಮಗೇ ಹೀಗೆ ಮಾಡೋದಾ?" ಎಂದ. ಹಿರಿಯರು, "ಅನ್ನಕ್ಕೆ ತಕ್ಕ ಕೆಲಸ ಅಂದು ಮಾಡಿಕೊಟ್ಟಿದ್ದಾರಲ್ಲ. ಇವತ್ತು ಅವರ ಅನ್ನ, ಅವರ ಕೆಲಸ" ಎಂದು ಎದ್ದುಹೋದರು. ಈ ಮಾತಿನಲ್ಲಿ ಯಾರ ಪಕ್ಷ ಸರಿಯೆಂದು ನಾನು ಅಂದು ನಿರ್ಧರಿಸಲಾಗಲಿಲ್ಲ. ಪಂದ್ಯಕ್ಕೆ ಮುನ್ನ ಬಹಿಷ್ಕಾರ ಹೂಡಿದವರ ಜಾಗದಲ್ಲಿ ನಿಂತ ಆ ಹುಡುಗರು ಅಪ್ಪಿಕೊಂಡು ಅಳುತ್ತಿದ್ದ ದೃಶ್ಯ ಮಾತ್ರ ಕಣ್ಣಲ್ಲಿ ಉಳಿಯಿತು. ಮುಂದೆ ಜೂನ್‌ನಲ್ಲಿ ಇದೇ ತಂಡ ಕತಾರನ್ನೂ ಗೋಲಿಲ್ಲದ ಸಮಬಲಕ್ಕೆ ತಡೆದು, ಗುಂಪಿನಲ್ಲಿ ಭಾರತದಷ್ಟೇ 5 ಅಂಕಗಳೊಡನೆ ಮುಗಿಸಿತು. ಇಬ್ಬರೂ ಹೊರಬಿದ್ದರು, ಕುವೈತ್ ಮುಂದೆ ಸಾಗಿತು.

2024ರ ಆಗಸ್ಟ್‌ನಲ್ಲಿ ಹಾಂಗ್‌ಕಾಂಗ್ ವೆಸ್ಟ್‌ವುಡ್ ಅವರನ್ನು ಕರೆಯಿತು. 2025ರ ಜೂನ್ 10ರಂದು, ಹಳೆಯ ವಿಮಾನ ನಿಲ್ದಾಣದ ಜಾಗದಲ್ಲಿ ಕಟ್ಟಿದ ಕೈ ಟಾಕ್ ಕ್ರೀಡಾಂಗಣದಲ್ಲಿ ಏಷ್ಯನ್ ಕಪ್ ಅರ್ಹತೆಗಾಗಿ ಮತ್ತೆ ಅವರೂ ಭಾರತವೂ ಮುಖಾಮುಖಿ. ಹೆಚ್ಚುವರಿ ಅವಧಿಯಲ್ಲಿ ಮತ್ತೊಂದು ಪೆನಾಲ್ಟಿ, ಬ್ರೆಜಿಲ್‌ನಲ್ಲಿ ಜನಿಸಿ ಹಾಂಗ್‌ಕಾಂಗ್ ಪೌರರಾದ ಸ್ಟೆಫನ್ ಪೆರೇರಾ ಒದ್ದರು, 1-0. ಹೊರನಾಡಿನಲ್ಲಿ ಹುಟ್ಟಿದ ಭಾರತೀಯ ಮೂಲದವರನ್ನು ನಾವೇಕೆ ಆಡಿಸಬಾರದೆಂಬ ಹಳೆಯ ಚರ್ಚೆ ಆ ಸೋಲಿನಿಂದ ಮತ್ತೆ ಎದ್ದಿತು. ಅದೇ ವರ್ಷ ಬೆಂಗಳೂರು ಎಫ್.ಸಿ. ಆಟಗಾರ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪೌರತ್ವವನ್ನು ಬಿಟ್ಟು ಭಾರತೀಯರಾದುದನ್ನು ಇಲ್ಲಿ ಸ್ಮರಿಸಬಹುದು. ಹಾಂಗ್‌ಕಾಂಗಿಗೂ ಕೊನೆಗೆ ಸಿಹಿ ಉಳಿಯಲಿಲ್ಲ. ನವೆಂಬರ್ 18ರಂದು ಸಿಂಗಪುರ ಅವರನ್ನು ಅವರದೇ ನೆಲದಲ್ಲಿ 2-1ರಿಂದ ಸೋಲಿಸಿ ಏಷ್ಯನ್ ಕಪ್ ಪ್ರವೇಶ ಪಡೆಯಿತು.

ಪರದೇಶಗಳ ತಂಡಗಳನ್ನೇ ಕಟ್ಟುತ್ತ ಬದುಕು ಸವೆಸಿದ ಇನ್ನೊಬ್ಬರೂ ಬೆಂಗಳೂರಿಗೆ ಪರಿಚಿತರು: ಸ್ಟೀಫನ್ ಕಾನ್‌ಸ್ಟಂಟೈನ್. ಮೊಣಕಾಲಿನ ಗಾಯದಿಂದ ಆಟ ಬಿಟ್ಟು, 1999ರಲ್ಲಿ ನೇಪಾಳದ ರಾಷ್ಟ್ರೀಯ ತಂಡ ಹಿಡಿದವರು. ಅನಂತರ ಭಾರತ, ಮಲಾವಿ, ಸುಡಾನ್, ರುವಾಂಡಾ, ಮತ್ತೆ ಭಾರತ, ಮುಂದೆ ಪಾಕಿಸ್ತಾನ. 2017ರ ಅಕ್ಟೋಬರ್ 11ರಂದು ಕಂಠೀರವದಲ್ಲಿ ಮಕಾವು ತಂಡವನ್ನು 4-1ರಿಂದ ಸೋಲಿಸಿ ಭಾರತ ಏಷ್ಯನ್ ಕಪ್‌ಗೆ ಅರ್ಹತೆ ಗಳಿಸಿದ್ದು ಇವರ ಕಾಲದಲ್ಲಿ.

ಬೇಲೂರಿನ ಚನ್ನಕೇಶವ ದೇಗುಲದ ಮದನಿಕೆಯರ ಪೀಠಗಳ ಮೇಲೆ ದಾಸೋಜ, ಅವನ ಮಗ ಚಾವಣ ಎಂಬ ಶಿಲ್ಪಿಗಳ ಹೆಸರುಗಳಿವೆ. ಅವರು ಬೇಲೂರಿನವರಲ್ಲ, ಬಳ್ಳಿಗಾವಿಯವರು. ಕೈಯಲ್ಲಿ ಕಸುಬಿದ್ದವನನ್ನು ದೊರೆಗಳು ದೂರದಿಂದ ಕರೆಸುತ್ತಿದ್ದರು. ಅವನು ಬಂದು ಕೆತ್ತಿ, ಹೆಸರು ಹಾಕಿ ಹೋಗುತ್ತಿದ್ದ. ನಮ್ಮ ಕಡೆಯಿಂದಲೂ ಹಾಗೆ ಹೊರಗೆ ಹೋಗುವವರು ಏಕಿಲ್ಲ ಎಂಬುದೇ ಪ್ರಶ್ನೆ. ಆಟಗಾರರಿಗೆ ಈ ನಾಡಿನಲ್ಲಿ ಬರವಿರಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. 1962ರ ಏಷ್ಯನ್ ಕ್ರೀಡಾಕೂಟದ ಚಿನ್ನ ಗೆದ್ದ ತಂಡದಲ್ಲಿದ್ದ ಅರುಮೈನಾಯಗಂ ಅವರೂ ಬೆಂಗಳೂರಿನವರೇ. ಮೈಸೂರು ತಂಡ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿತ್ತು. 54 ವರ್ಷಗಳ ಅನಂತರ 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಅದನ್ನು ಮರಳಿ ತಂದಿತು. ಆದರೆ ಆಡಿದವರನ್ನು ಆಡಿಸುವವರನ್ನಾಗಿ ಬೆಳೆಸುವ ಏರ್ಪಾಡಿಗೆ ನಾವು ಬಹುಕಾಲ ಲಕ್ಷ್ಯ ಕೊಡಲಿಲ್ಲ. ರಾಷ್ಟ್ರೀಯ ತಂಡಕ್ಕೇ 2012ರ ಬಳಿಕ ಭಾರತೀಯರೊಬ್ಬರು ಪೂರ್ಣಾವಧಿ ಮುಖ್ಯ ತರಬೇತುದಾರರಾದದ್ದು 2025ರ ಆಗಸ್ಟ್‌ನಲ್ಲಿ, ಖಾಲಿದ್ ಜಮೀಲ್ ಅವರ ನೇಮಕದಿಂದ. ಆ ಅಕ್ಟೋಬರ್‌ನಲ್ಲೇ ಗೋವೆಯಲ್ಲಿ ಸಿಂಗಪುರದೆದುರು ಸೋತು ಭಾರತ ಏಷ್ಯನ್ ಕಪ್ ದಾರಿಯಿಂದ ಹೊರಬಿದ್ದಾಗ, ಸ್ವದೇಶಿ ಗುರುವಿಗೆ ಎಷ್ಟು ಕಾಲ ಕೊಡಬೇಕೆಂಬ ಮಾತೂ ಎದ್ದಿತು. ವಿದೇಶೀಯರಿಗೆ ಕೊಟ್ಟಷ್ಟನ್ನಾದರೂ ಕೊಡಬೇಕೆಂಬುದು ನನ್ನ ಅಭಿಪ್ರಾಯ.

ಅರಸೀಕೆರೆಯ ಮನೆಯ ಮೊಮ್ಮಗನ ಮಾತು ಬಾಕಿಯಿದೆ. ಅವನೂ ಮೊಣಕಾಲಿನ ಗಾಯದಿಂದ ಆಟ ನಿಲ್ಲಿಸಿದವನು. ಅಂದು ಕೋಪಗೊಂಡಿದ್ದ ಅದೇ ಹುಡುಗ ಬಳಿಕ ವೆಸ್ಟ್‌ವುಡ್ ತಂಡಗಳ ಹಳೆಯ ಪಂದ್ಯಗಳನ್ನು ಫೋನಿನಲ್ಲಿ ಮತ್ತೆಮತ್ತೆ ನೋಡಿ, ರಕ್ಷಣೆಯ ಸಾಲು ಎಲ್ಲಿ ನಿಲ್ಲುತ್ತದೆಂಬುದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳತೊಡಗಿದ. ಶನಿವಾರಗಳಂದು ಬಸ್ಸು ಹಿಡಿದು ಹಳೇಬೀಡಿಗೆ ಹೋಗಿ, ದ್ವಾರಸಮುದ್ರದ ಕೆರೆಗೆ ಸಮೀಪದ ಬಯಲಿನಲ್ಲಿ ಹತ್ತಾರು ಮಕ್ಕಳಿಗೆ ಆಟ ಹೇಳಿಕೊಡುತ್ತಾನೆ. ಉಳಿದ ದಿನಗಳಲ್ಲಿ ಆ ಬಯಲು ಕ್ರಿಕೆಟ್ಟಿನದು. ಇರುವುದು ಮೂರು ಚೆಂಡು. ಗೋಲಿನ ಕಂಬಗಳ ಬದಲು ಕಲ್ಲುಗಳು.

ಅವನ ತಾಯಿಗೆ ಇದು ಹಿಡಿಸದು. ಆಟ ಆಡಿಸುವುದೂ ಒಂದು ಉದ್ಯೋಗವೇ ಎಂಬುದು ಅವರ ಆತಂಕ. ಮನೆ ನಡೆಸುವವರ ಆತಂಕವನ್ನು ಹಗುರವಾಗಿ ಕಾಣುವಂತಿಲ್ಲ. ತರಬೇತುದಾರರ 'ಡಿ' ಲೈಸೆನ್ಸ್ ಶಿಬಿರದ ಶುಲ್ಕವನ್ನು ತಾತ ತಮ್ಮ ಪಿಂಚಣಿಯಿಂದ ಕೊಡುವುದಾಗಿ ಹೇಳಿದ್ದಾರೆ. ಬ್ಯಾಂಕಿನ ಪರೀಕ್ಷೆಯನ್ನೂ ಬರೆಯಬೇಕೆಂಬ ಷರತ್ತಿನ ಮೇಲೆ ತಾಯಿಯೂ ಒಪ್ಪಿದ್ದಾರೆ.