ಬಣ್ಣದಲ್ಲಿ ಅರಳಿದ ಅಮೃತಶಿಲೆ

ಕಟ್ಟಡಗಳ ಖರ್ಚಿನ ಅಂದಾಜು ಹಾಕುವುದು ನನ್ನ ಉದ್ಯೋಗ. ಹಾಗಾಗಿ ಯಾವ ಕಟ್ಟಡ ಹೊಕ್ಕರೂ ಮೊದಲು ಕಣ್ಣು ಹೋಗುವುದು ಸಾಮಗ್ರಿಯ ಕಡೆಗೆ. ಟೆಕ್ಸಾಸಿನ ಹೈ ಹಿಲ್ ಎಂಬ ಹಳ್ಳಿಯ ಸೇಂಟ್ ಮೇರಿ ಚರ್ಚಿನಲ್ಲಿ ಆ ಕಣ್ಣಿಗೇ ಸವಾಲು ಎದುರಾಯಿತು.

ನಾನಿರುವ ಹ್ಯೂಸ್ಟನ್ನಿನಿಂದ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರ್ ದೂರದಲ್ಲಿ ಶೂಲೆನ್‌ಬರ್ಗ್ ಪಟ್ಟಣವಿದೆ. ಅದರ ಪಕ್ಕದ ಹಳ್ಳಿಯೇ ಹೈ ಹಿಲ್. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿ ನೆಲೆನಿಂತವರು ಜರ್ಮನ್ ಭಾಷಿಕ ರೈತರು. ಹಲವರು ಮಧ್ಯ ಯುರೋಪಿನ ಮೊರಾವಿಯಾ ಕಡೆಯಿಂದ ಬಂದವರು. 1870ರ ದಶಕದಲ್ಲಿ ರೈಲುಹಳಿ ಈ ಊರನ್ನು ಬಿಟ್ಟು ಶೂಲೆನ್‌ಬರ್ಗಿನ ಮೂಲಕ ಹಾದುಹೋಯಿತು. ವ್ಯಾಪಾರವೂ ಅದರ ಹಿಂದೆಯೇ ಹೋಯಿತು. ಆದರೂ ಊರಿನವರು 1906ರಲ್ಲಿ ಸ್ಯಾನ್ ಆಂಟೋನಿಯೋದ ವಾಸ್ತುಶಿಲ್ಪಿ ಲಿಯೋ ಡೀಲ್‌ಮನ್ ಅವರ ವಿನ್ಯಾಸದಂತೆ ಈ ಚರ್ಚನ್ನು ಕಟ್ಟಿಸಿದರು.

ಹೊರಗೆ ಕೆಂಪು ಇಟ್ಟಿಗೆಯ ಗಾಥಿಕ್ ಗಾಂಭೀರ್ಯ. ಒಳಗೆ ಸಾಲು ಕಂಬಗಳು, ಚೂಪು ಕಮಾನುಗಳು, ಮೇಲೆ ಚಾವಣಿಯುದ್ದಕ್ಕೂ ಹಬ್ಬಿದ ಚಿತ್ತಾರ. ಕಂಬಗಳು ಅಮೃತಶಿಲೆಯವೇ ಎನಿಸಿತ್ತು. ತೀರಾ ಹತ್ತಿರ ನಿಂತಾಗ ಕಲ್ಲಿನ ನರಗಳಂತೆ ಕಾಣುತ್ತಿದ್ದ ಗೆರೆಗಳಲ್ಲಿ ಕುಂಚದ ಜಾಡು ಕಂಡಿತು. ಅವು ಮರದ ಕಂಬಗಳು! 1912ರಲ್ಲಿ ಫರ್ಡಿನಾಂಡ್ ಸ್ಟಾಕರ್ಟ್ ಮತ್ತು ಹರ್ಮನ್ ಕರ್ನ್ ಎಂಬ ಕಲಾವಿದರು ಈ ಒಳಾಂಗಣಕ್ಕೆ ಬಣ್ಣ ತುಂಬಿದರು.

ಅಮೃತಶಿಲೆಯ ಭ್ರಮೆ ಹುಟ್ಟಿಸುವುದು ತಾಳ್ಮೆಯ ಕೆಲಸ. ಮೊದಲು ತಳಬಣ್ಣ ಬಳಿಯಬೇಕು. ಅದರ ಮೇಲಿನ ತೆಳುಬಣ್ಣ ಹಸಿಯಿರುವಾಗಲೇ ನರಗಳನ್ನು ಎಳೆದು ಅಂಚು ಮಸುಕುಗೊಳಿಸಬೇಕು. ಕೊನೆಗೆ ವಾರ್ನಿಶ್. ಕಲ್ಲಿನ ಬದಲು ಮರ ಬಳಸುವುದರಲ್ಲಿ ಒಂದು ಅನುಕೂಲವೂ ಉಂಟು. ಯುರೋಪಿನ ಕಲ್ಲಿನ ಕಮಾನುಚಾವಣಿ ತನ್ನ ಭಾರದಿಂದ ಗೋಡೆಗಳನ್ನು ಹೊರಕ್ಕೆ ತಳ್ಳುತ್ತದೆ. ಅದಕ್ಕೆ ಹೊರಗಿನಿಂದ ದೊಡ್ಡ ಆಸರೆ ಕೊಡಬೇಕು. ಹಗುರವಾದ ಮರದ ಚಾವಣಿಗೆ ಆ ಖರ್ಚಿಲ್ಲ.

ಇದನ್ನು ನಕಲಿ ಎನ್ನಲು ನನಗೆ ಮನಸ್ಸಿಲ್ಲ. ಬಿಟ್ಟು ಬಂದ ನಾಡಿನ ದೇವಾಲಯದ ಭವ್ಯತೆಯನ್ನು, ಕೈಗೆಟಕುವ ಮರ ಮತ್ತು ಬಣ್ಣದಲ್ಲೇ ಮತ್ತೆ ಕಟ್ಟಿಕೊಂಡ ರೈತರ ಶ್ರದ್ಧೆ ಅಪ್ಪಟವಾದದ್ದು.

1983ರಲ್ಲಿ ಈ ಚರ್ಚ್ ಅಮೆರಿಕದ ಐತಿಹಾಸಿಕ ತಾಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಇಂದಿಗೂ ಇಲ್ಲಿ ಪೂಜೆ ನಡೆಯುತ್ತದೆ. ಟೆಕ್ಸಾಸಿನಲ್ಲಿರುವ ಕನ್ನಡಿಗರು ಬಿಡುವು ಮಾಡಿಕೊಂಡು ಹೋಗಿಬನ್ನಿ. ಪೂಜೆಯ ಹೊತ್ತು ತಪ್ಪಿಸಿ ನೋಡಿ. ಬಣ್ಣವನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ.