ಬೀಗಕ್ಕಿಂತ ಮೊದಲು ಬಾಗಿಲುವಾಡ

ಚನ್ನಗಿರಿ ತಾಲ್ಲೂಕಿನಲ್ಲಿ ಅಡಿಕೆ ಕೊಯ್ಲು ಮುಗಿದ ಮೇಲೆ ರೈತನ ವರ್ಷದ ದುಡಿಮೆಯೆಲ್ಲ ಒಂದು ಕೋಣೆಯೊಳಗೆ ಬಂದು ಸೇರುತ್ತದೆ. ಸುಲಿದು, ಬೇಯಿಸಿ, ಒಣಗಿಸಿದ ರಾಶಿ ಅಡಿಕೆಯನ್ನು ಚೀಲಕ್ಕೆ ತುಂಬಿ ಒಳ್ಳೆಯ ಧಾರಣೆಗಾಗಿ ತಿಂಗಳುಗಟ್ಟಲೆ ಮನೆಯಲ್ಲೇ ಇಟ್ಟುಕೊಳ್ಳುವವರು ಬಹಳ ಮಂದಿ. ಕ್ವಿಂಟಾಲಿಗೆ 40,000 ರೂಪಾಯಿಯಂತೆ ಹಿಡಿದರೂ 10 ಕ್ವಿಂಟಾಲ್ ಅಡಿಕೆಯ ಬೆಲೆ 4 ಲಕ್ಷ ರೂಪಾಯಿ ಆಗುತ್ತದೆ. ಹೊನ್ನಾಳಿ ಮತ್ತು ನ್ಯಾಮತಿ ಕಡೆ ಅಡಿಕೆಯೊಡನೆ ಭತ್ತ, ಮೆಕ್ಕೆಜೋಳ. ಜಗಳೂರಿನಲ್ಲಿ ಮೆಕ್ಕೆಜೋಳ, ಶೇಂಗಾ, ಈರುಳ್ಳಿ. ಇವುಗಳ ಜೊತೆಗೆ ಪಂಪುಸೆಟ್ಟಿನ ಮೋಟಾರು, ಕೇಬಲ್ಲು, ಸಿಂಪಡಿಸುವ ಯಂತ್ರ ಮುಂತಾದವೂ ಅದೇ ಕೋಣೆಯಲ್ಲಿರುತ್ತವೆ.

ಇಷ್ಟು ಬೆಲೆಬಾಳುವ ಸರಕನ್ನು ಕಾಯಲು ರೈತರು ಸಾಮಾನ್ಯವಾಗಿ ಮಾಡುವ ಕೆಲಸವೆಂದರೆ ದೊಡ್ಡ ಬೀಗವೊಂದನ್ನು ಕೊಂಡು ತರುವುದು. ಬೀಗ ಒಳ್ಳೆಯದೇ ಇರಬೇಕು, ನಿಜ. ಆದರೆ ಬೀಗ ಹಿಡಿದಿರುವುದು ಕೊಂಡಿಯನ್ನು. ಕೊಂಡಿ ಹಿಡಿದಿರುವುದು ಬಾಗಿಲುವಾಡವನ್ನು. ಬಾಗಿಲುವಾಡ ಹಿಡಿದಿರುವುದು ಗೋಡೆಯನ್ನು. ಈ ಸಾಲಿನಲ್ಲಿ ಯಾವುದು ಸಡಿಲವೋ ಬಾಗಿಲಿನ ಬಲ ಅಷ್ಟೇ. ಕಳ್ಳರು ಮುರಿದ ಎಷ್ಟೋ ಬಾಗಿಲುಗಳಲ್ಲಿ ಬೀಗ ಹಾಕಿದಂತೆಯೇ ಉಳಿದು, ಕೊಂಡಿ ಕಿತ್ತು ಬಂದಿರುವುದು ಇದೇ ಕಾರಣದಿಂದ.

ಹಾರೆಯ ಲೆಕ್ಕ

ಮೂರು ಅಡಿ, ಅಂದರೆ 36 ಅಂಗುಲ ಉದ್ದದ ಹಾರೆಯನ್ನು ಕದ ಮತ್ತು ಬಾಗಿಲುವಾಡದ ಸಂದಿನಲ್ಲಿ ತೂರಿಸಿ, ತುದಿಯಿಂದ 2 ಅಂಗುಲದಲ್ಲಿ ಆನಿಕೆ ಕೊಟ್ಟು ಮೀಟಿದರೆ ಕೈಬಲ 17 ಪಟ್ಟು ಹೆಚ್ಚುತ್ತದೆ. 20 ಕಿಲೋ ತೂಕದಷ್ಟು ಒತ್ತಿದರೆ ಸಂದಿನಲ್ಲಿ 340 ಕಿಲೋ ತೂಕದಷ್ಟು ಬಲ ಬೀಳುತ್ತದೆ. ಅಂಗುಲದುದ್ದದ ನಾಲ್ಕು ಸ್ಕ್ರೂಗಳಲ್ಲಿ ನಿಂತ ಕೊಂಡಿಗೆ ಇದನ್ನು ತಡೆಯುವ ಶಕ್ತಿಯಿಲ್ಲ. ಕೊಂಡಿ ಗಟ್ಟಿಯಾಗಿದ್ದರೆ ಅದೇ ಬಲ ಬಾಗಿಲುವಾಡಕ್ಕೆ ದಾಟುತ್ತದೆ; ಅದು ಗೋಡೆಗೆ ಸರಿಯಾಗಿ ಕೂಡಿಕೊಂಡಿಲ್ಲದಿದ್ದರೆ ಪಕ್ಕಕ್ಕೆ ಸರಿದು ಬಾಗಿಲು ತೆರೆದುಕೊಳ್ಳುತ್ತದೆ.

ಹಿಂದಿನವರು ಇದಕ್ಕೆ ಅಗುಳಿಯ ಉಪಾಯ ಕಂಡುಕೊಂಡಿದ್ದರು. ಎರಡು ಕದಗಳ ಹಿಂದೆ ಅಡ್ಡಲಾಗಿ ಸರಿದು ಗೋಡೆಯ ಗೂಡಿನೊಳಗೆ ಕೂರುವ ದಪ್ಪ ಮರದ ಅಗುಳಿಯು ಹೊರಗಿನ ಒತ್ತಡವನ್ನು ನೇರವಾಗಿ ಗೋಡೆಗೆ ಸಾಗಿಸುತ್ತಿತ್ತು. ಇಂಗ್ಲೆಂಡಿನಲ್ಲಿ ಬಾಗಿಲುವಾಡದ ಒಳಮೈಗೆ ಮೇಲಿನಿಂದ ಕೆಳಗಿನವರೆಗೆ ಉಕ್ಕಿನ ಪಟ್ಟಿ ಹೊಡೆಯುವ ರೂಢಿಯಿದ್ದು, ಅದನ್ನು ‘ಲಂಡನ್ ಬಾರ್’ ಎನ್ನುತ್ತಾರೆ. ಎರಡರ ತತ್ವವೂ ಒಂದೇ: ಪೆಟ್ಟು ಒಂದೇ ಜಾಗದಲ್ಲಿ ನಿಲ್ಲದೆ ಹಂಚಿಹೋಗಬೇಕು.

ಮೊದಲು ಪರೀಕ್ಷೆ

ಖರ್ಚು ಮಾಡುವ ಮುನ್ನ ಕೆಳಗಿನ ನಾಲ್ಕು ಅಂಶಗಳನ್ನು ನೋಡಿಕೊಳ್ಳಬೇಕು.

1. ಬಾಗಿಲು ಹಾಕಿ, ಕದವನ್ನು ಭುಜದಿಂದ ಒತ್ತಿದಾಗ ಬಾಗಿಲುವಾಡಕ್ಕೂ ಗೋಡೆಗೂ ನಡುವೆ ಬಿರುಕು ಅಲುಗುತ್ತದೆಯೇ? ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ, ಅಂಥ ನೆಲದ ಮೇಲಿನ ಮನೆಗಳಲ್ಲಿ ಈ ಬಿರುಕು ಸಾಮಾನ್ಯ.

2. ನಿಲುವು ಮರಗಳ ಬುಡವನ್ನು ಉಳಿಯಿಂದ ಚುಚ್ಚಿದಾಗ ಸುಲಭವಾಗಿ ಇಳಿಯುತ್ತದೆಯೇ? ಬುಡದ ಒಂದು ಗೇಣು ಮರವನ್ನು ಗೆದ್ದಲು ತಿಂದಿದ್ದರೂ ಮೇಲಿನ ಬಣ್ಣ ಚೆನ್ನಾಗಿಯೇ ಕಾಣುತ್ತದೆ.

3. ಕೊಂಡಿ ಮತ್ತು ಬಿಜಾಗರಿಯ ಒಂದೊಂದು ಸ್ಕ್ರೂ ಬಿಚ್ಚಿ ಅಳೆದರೆ ಎಷ್ಟು ಉದ್ದವಿದೆ?

4. ಹಿತ್ತಲ ಬಾಗಿಲು ಮುಂಬಾಗಿಲಿನಷ್ಟೇ ಗಟ್ಟಿಯೇ? ಹೆಚ್ಚಿನ ಮನೆಗಳಲ್ಲಿ ಒಳ್ಳೆಯ ಮರ ಮುಂದಕ್ಕೆ, ಉಳಿದ ಮರ ಹಿತ್ತಲಿಗೆ. ಕಳ್ಳನಿಗೆ ಕತ್ತಲೆಯ ಹಿತ್ತಲೇ ಅನುಕೂಲ.

ಹೊಸ ಮನೆ ಅಥವಾ ಗೋದಾಮು ಕಟ್ಟುವಾಗ

ಬಾಗಿಲುವಾಡಕ್ಕೆ ಚೆನ್ನಾಗಿ ಒಣಗಿದ ತೇಗ, ಹೊನ್ನೆ, ಮತ್ತಿ ಅಥವಾ ಹಲಸಿನ ಮರವನ್ನು ಬಳಸಬೇಕು. ಹಸಿ ಮರ ಒಣಗುತ್ತಾ ಕುಗ್ಗಿ ಸ್ಕ್ರೂಗಳು ಸಡಿಲವಾಗುತ್ತವೆ. ಪ್ರತಿ ಬದಿಗೆ ಮೂರರಂತೆ ಒಟ್ಟು ಆರು ಹೋಲ್ಡ್‌ಫಾಸ್ಟ್‌ಗಳನ್ನು ಕೊಡಬೇಕು. ಕೇಂದ್ರ ಲೋಕೋಪಯೋಗಿ ಇಲಾಖೆಯ ಕಾಮಗಾರಿಗಳಲ್ಲಿ ಇದಕ್ಕೆ 40 ಮಿ.ಮೀ. ಅಗಲ, 5 ಮಿ.ಮೀ. ದಪ್ಪ, 40 ಸೆಂ.ಮೀ. ಉದ್ದದ ಕಬ್ಬಿಣದ ಪಟ್ಟಿಯನ್ನು ಬಳಸಿ, 10 ಮಿ.ಮೀ. ಬೋಲ್ಟಿನಿಂದ ಮರಕ್ಕೆ ಬಿಗಿದು, ಗೋಡೆಯಲ್ಲಿ 30 x 10 x 15 ಸೆಂ.ಮೀ. ಅಳತೆಯ ಕಾಂಕ್ರೀಟಿನಲ್ಲಿ ಹುಗಿಯುತ್ತಾರೆ. ಕಾಂಕ್ರೀಟಿನ ಮಿಶ್ರಣ ಸಿಮೆಂಟು, ಮರಳು, ಜಲ್ಲಿ 1:3:6. ಕೆಲಸದ ಸ್ಥಳದಲ್ಲಿ ನಿಂತು ಈ ಆರನ್ನೂ ಎಣಿಸುವುದು ಒಳ್ಳೆಯದು. ಗಿಲಾವು ಮಾಡಿದ ಮೇಲೆ ಎಣಿಸಲು ಬರುವುದಿಲ್ಲ.

ಈಚಿನ ಮನೆಗಳಲ್ಲಿ ಹೊಸ್ತಿಲು ಬಿಡುವ ರೂಢಿ ಬಂದಿದೆ. ಹೊಸ್ತಿಲು ನಿಲುವು ಮರಗಳ ಬುಡ ಅಗಲವಾಗದಂತೆ ಹಿಡಿಯುತ್ತದೆ. ಹೊಸ್ತಿಲು ಇಲ್ಲದಿದ್ದರೆ ಬುಡಕ್ಕೆ ಡಾಂಬರು ಬಳಿದು ನೆಲದೊಳಗೆ ಕನಿಷ್ಠ 4 ಸೆಂ.ಮೀ. ಹುಗಿಯಬೇಕು.

ಹಳೆಯ ಬಾಗಿಲನ್ನು ಭದ್ರಪಡಿಸುವ ಕ್ರಮ

ಇಟ್ಟಿಗೆ ಗೋಡೆ: ನಿಲುವು ಮರದ ಮೂಲಕ ಗೋಡೆಯೊಳಕ್ಕೆ ಡ್ರಿಲ್ ಹಾಕಿ 10 ಮಿ.ಮೀ. ದಪ್ಪದ ಆಂಕರ್ ಬೋಲ್ಟುಗಳನ್ನು ಬದಿಗೆ ಮೂರರಂತೆ ಬಿಗಿಯಬೇಕು. ಮರ 3 ಅಂಗುಲ ದಪ್ಪವಿದ್ದರೆ ಬೋಲ್ಟು 6 ಅಂಗುಲಕ್ಕೆ ಕಡಿಮೆ ಇರಬಾರದು. ಬಿಗಿಯುವ ಮುನ್ನ ಮರ ಮತ್ತು ಗೋಡೆಯ ಸಂದಿಗೆ ಬೋಲ್ಟಿನ ಜಾಗದಲ್ಲಿ ಗಟ್ಟಿ ಮರದ ಚಕ್ಕೆ ಕೊಟ್ಟು, ಉಳಿದ ಸಂದನ್ನು 1:4 ಸಿಮೆಂಟು ಗಾರೆಯಿಂದ ತುಂಬಬೇಕು. ಸಂದು ಖಾಲಿ ಬಿಟ್ಟರೆ ಹಾರೆಯ ಮೀಟಿಗೆ ಮರ ಬಾಗುತ್ತದೆ.

ಮಣ್ಣು ಅಥವಾ ಮಣ್ಣು-ಕಲ್ಲಿನ ಗೋಡೆ: ಇಲ್ಲಿ ಆಂಕರ್ ಬೋಲ್ಟು ಹಿಡಿಯುವುದಿಲ್ಲ. ಗೋಡೆಯಲ್ಲಿ ಗೂಡು ತೆಗೆದು ಹೋಲ್ಡ್‌ಫಾಸ್ಟ್ ಇಟ್ಟು ಕಾಂಕ್ರೀಟು ತುಂಬಬೇಕು. ಒಂದು ಗೂಡು ತುಂಬಿ ಗಟ್ಟಿಯಾದ ಮೇಲೆಯೇ ಮುಂದಿನದನ್ನು ತೆಗೆಯಬೇಕು. ಒಟ್ಟಿಗೆ ತೆಗೆದರೆ ಗೋಡೆ ಕುಸಿಯಬಹುದು. ಪ್ರತಿಯೊಂದಕ್ಕೂ ಏಳು ದಿನ ನೀರುಣಿಸಬೇಕು.

ಉಕ್ಕಿನ ಪಟ್ಟಿ: ನಿಲುವು ಮರದ ಒಳಮೈಗೆ ಪೂರ್ತಿ ಎತ್ತರಕ್ಕೆ 40 x 5 ಮಿ.ಮೀ. ಪಟ್ಟಿಯನ್ನು ಒಂದು ಗೇಣಿಗೊಂದರಂತೆ 3 ಅಂಗುಲದ ಸ್ಕ್ರೂಗಳಿಂದ ಹೊಡೆಯಬೇಕು. ಒಂಟಿ ಕದದ ಬಾಗಿಲಿಗೆ ಬೀಗದ ಬದಿ ಮುಖ್ಯ. ಎರಡು ಕದದ ಬಾಗಿಲಿಗೆ ಎರಡೂ ಬದಿ ಬೇಕು.

ಕೊಂಡಿ ಮತ್ತು ಚಿಲಕ: ಸ್ಕ್ರೂ ಬದಲು ಕದದ ಆಚೆಗೂ ಹಾದುಹೋಗುವ ಬೋಲ್ಟು ಹಾಕಿ, ಒಳಗಡೆ ಅಗಲವಾದ ತಗಡಿನ ತುಂಡು ಕೊಟ್ಟು ನಟ್ಟು ಬಿಗಿಯಬೇಕು. ಹೊರಗಡೆ ಬೋಲ್ಟಿನ ತಲೆ ದುಂಡಗಿದ್ದರೆ ಸ್ಪ್ಯಾನರಿಗೆ ಸಿಗುವುದಿಲ್ಲ. ಎರಡು ಕದದ ಬಾಗಿಲಿನಲ್ಲಿ ಬೀಗ ಒಂದು ಕದವನ್ನು ಇನ್ನೊಂದಕ್ಕೆ ಕಟ್ಟುತ್ತದೆಯೇ ಹೊರತು ಬಾಗಿಲುವಾಡಕ್ಕಲ್ಲ. ಆದ್ದರಿಂದ ಒಂದು ಕದಕ್ಕೆ ಒಳಗಿನಿಂದ ಮೇಲೊಂದು, ಕೆಳಗೊಂದು ಉದ್ದನೆಯ ಬೋಲ್ಟು ಬೇಕೇ ಬೇಕು. ಒಳಗಿನಿಂದ ಹಾಕುವ ಹಿತ್ತಲ ಬಾಗಿಲಿಗೆ ಅಗುಳಿಯೇ ಉತ್ತಮ.

ಬಿಜಾಗರಿ: ಹೊರಕ್ಕೆ ತೆರೆಯುವ ಬಾಗಿಲಿನಲ್ಲಿ ಬಿಜಾಗರಿಯ ಕಡ್ಡಿ ಹೊರಗಿರುತ್ತದೆ. ಅದರ ಎರಡೂ ತುದಿಗಳನ್ನು ವೆಲ್ಡಿಂಗ್ ಮಾಡಿಸಿದರೆ ಕಡ್ಡಿ ಎಬ್ಬಿಸಲು ಬರುವುದಿಲ್ಲ.

ಗೆದ್ದಲು: ಬುಡ ಟೊಳ್ಳಾಗಿದ್ದರೆ ಆ ಭಾಗವನ್ನು ಕತ್ತರಿಸಿ ಹೊಸ ಮರ ಕೂಡಿಸಬೇಕು. ಒಂದು ಲೀಟರ್ ಕ್ಲೋರ್‌ಪೈರಿಫಾಸ್ 20 ಇ.ಸಿ.ಯನ್ನು 19 ಲೀಟರ್ ನೀರಿಗೆ ಬೆರೆಸಿ ಬುಡದ ಸುತ್ತಲಿನ ಮಣ್ಣಿಗೆ ಉಣಿಸಬೇಕು. ಈ ಕೆಲಸವನ್ನು ಕೋಣೆ ಖಾಲಿಯಿರುವಾಗಲೇ ಮುಗಿಸಬೇಕು. ಅಡಿಕೆ, ಕಾಳು ಅಥವಾ ಮೇವು ಇರುವಾಗ ಖಂಡಿತ ಬಳಸಬಾರದು. ಕೈಗವಸು ಧರಿಸಬೇಕು, ಬಾವಿ, ತೊಟ್ಟಿಗಳ ಬಳಿ ಚೆಲ್ಲಬಾರದು.

ಆರು ಹೋಲ್ಡ್‌ಫಾಸ್ಟ್ ಮತ್ತು ಎರಡು ಪಟ್ಟಿ ಸೇರಿ ಬೇಕಾಗುವ ಕಬ್ಬಿಣ ಸುಮಾರು 10 ಕಿಲೋ. ಕೂಲಿ ಬಿಟ್ಟು ಇದರ ಬೆಲೆ ಎರಡು-ಮೂರು ಕಿಲೋ ರಾಶಿ ಅಡಿಕೆಯ ಬೆಲೆಯನ್ನು ಮೀರದು.

ಬಾಗಿಲೊಂದೇ ಸಾಲದು

ಬಾಗಿಲು ಗಟ್ಟಿಯಾದರೆ ಕಳ್ಳ ಬೇರೆ ದಾರಿ ಹುಡುಕುತ್ತಾನೆ. 2024ರ ಅಕ್ಟೋಬರ್ ಕೊನೆಯಲ್ಲಿ ನ್ಯಾಮತಿಯ ಭಾರತೀಯ ಸ್ಟೇಟ್ ಬ್ಯಾಂಕ್ ಶಾಖೆಗೆ ನುಗ್ಗಿದವರು ಕಿಟಕಿಯ ಕಬ್ಬಿಣದ ಸರಳನ್ನು ತೆಗೆದು ಒಳಹೊಕ್ಕು, ಸುಮಾರು 17 ಕಿಲೋ ಚಿನ್ನವನ್ನು ಸಾಗಿಸಿದರು. 2025ರ ಮಾರ್ಚ್‌ನಲ್ಲಿ ಪೊಲೀಸರು ಆರೋಪಿಗಳನ್ನು ಬಂಧಿಸಿದರು. ಚಿನ್ನದ ಬಹುಭಾಗ ತಮಿಳುನಾಡಿನ ಉಸಿಲಂಪಟ್ಟಿ ಕಡೆಯ ಬಾವಿಯೊಂದರಲ್ಲಿ ದೊರೆಯಿತು. ಹಳ್ಳಿಯ ಮನೆಗೂ ಇದರಲ್ಲಿ ಪಾಠವಿದೆ. ಕಿಟಕಿಯ ಸರಳುಗಳು ಮರದ ಚೌಕಟ್ಟಿಗೆ ಮೊಳೆಯಿಂದ ಬಡಿದಂತಿರದೆ ಗೋಡೆಯೊಳಗೆ ಹುಗಿದಿರಬೇಕು. ಹೆಂಚಿನ ಮನೆಯಲ್ಲಿ ಸರಕಿನ ಕೋಣೆಗೆ ಹೆಂಚಿನ ಕೆಳಗೆ ಕಬ್ಬಿಣದ ಜಾಲರಿ, ಮಾಳಿಗೆ ಮನೆಯಲ್ಲಿ ಬೆಳಕಿಂಡಿಗೆ ಅಡ್ಡ ಸರಳು ಇರುವುದು ಅಗತ್ಯ.

ಎಚ್ಚರಿಕೆಗಳು

ಬಾಗಿಲಿಗಾಗಲಿ, ತಂತಿಗಾಗಲಿ ವಿದ್ಯುತ್ ಹರಿಸುವುದು ಅಪರಾಧ. ಸಾಯುವವರು ಮನೆಯ ಮಕ್ಕಳೇ ಆಗಬಹುದು. ಜನ ಮಲಗುವ ಮನೆಯಲ್ಲಿ ಅಗುಳಿ, ಬೋಲ್ಟುಗಳು ಕತ್ತಲೆಯಲ್ಲೂ ಮಕ್ಕಳು, ವೃದ್ಧರು ತೆರೆಯುವಷ್ಟು ಸಲೀಸಾಗಿರಬೇಕು. ಬೆಂಕಿ ಬಿದ್ದಾಗ ಹೊರಬರಲು ಇರುವುದೂ ಅದೇ ಬಾಗಿಲು. ಭದ್ರತೆಗೆಂದು ಗಾಳಿಯ ಕಿಂಡಿಗಳನ್ನು ಮುಚ್ಚಿದರೆ ಅಡಿಕೆಗೆ ಬೂಷ್ಟು ಹಿಡಿಯುತ್ತದೆ. ಅವಕ್ಕೆ ಜಾಲರಿ ಹಾಕುವುದು ಸರಿಯಾದ ಕ್ರಮ.

ಎಷ್ಟೇ ಭದ್ರವಾದ ಬಾಗಿಲೂ ಸಾಕಷ್ಟು ಹೊತ್ತು ಸಿಕ್ಕವನಿಗೆ ಮಣಿಯುತ್ತದೆ. ಭದ್ರ ಬಾಗಿಲುವಾಡ ಕೊಡುವುದು ಆ ಹೊತ್ತನ್ನು. ಎರಡು ನಿಮಿಷದ ಕೆಲಸ ಅರ್ಧ ಗಂಟೆಯಾಗಿ, ಸದ್ದಾಗಿ, ನಾಯಿ ಬೊಗಳಿ, ನೆರೆಯವರು ಎದ್ದು 112ಕ್ಕೆ ಕರೆಮಾಡುವಷ್ಟು ಅವಕಾಶ ಸಿಕ್ಕರೆ ಫಸಲು ಉಳಿಯುತ್ತದೆ. ಮನೆಯಲ್ಲಿ ಯಾರೂ ಇರದ ದಿನಗಳು ಬರುವುದಿದ್ದರೆ ತುಮ್ಕೋಸ್‌ನಂಥ ಸಹಕಾರ ಸಂಘದಲ್ಲಾಗಲಿ, ರಾಜ್ಯ ಉಗ್ರಾಣ ನಿಗಮದ ಉಗ್ರಾಣದಲ್ಲಾಗಲಿ ಸರಕನ್ನು ಇಟ್ಟು ರಸೀದಿ ಪಡೆಯುವುದು ಲೇಸು. ಮನೆಯಲ್ಲೇ ಇಡುವವರು ಮುಂದಿನ ಕೊಯ್ಲಿಗೆ ಮುನ್ನ, ಕೋಣೆ ಖಾಲಿಯಿರುವಾಗ, ಬಡಗಿ ಮತ್ತು ಗಾರೆ ಕೆಲಸದವರನ್ನು ಒಂದು ದಿನ ಕರೆಸಿ ಹಿತ್ತಲ ಬಾಗಿಲಿನಿಂದ ಕೆಲಸ ಆರಂಭಿಸಬೇಕು.