ಶ್ವಾಸಕೋಶದ ಕ್ಯಾನ್ಸರ್: ಜೀನ್ ಪರೀಕ್ಷೆ ಯಾರಿಗೆ, ಎಂತಕ್ಕೆ?



ಮನೆಯಲ್ಲಿ ಒಬ್ಬರಿಗೆ ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾದ ಕೂಡಲೇ ಮನೆಯವರು ಕೇಳುವ ಮೊದಲ ಪ್ರಶ್ನೆ, ‘ಡಾಕ್ಟ್ರೇ, ಗುಣ ಆಗ್ತದಾ? ಎಷ್ಟು ಸಮಯ ಉಂಟು?’ ಎಂಬುದು. ಈಗ ಇದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ: ‘ಜೀನ್ ಪರೀಕ್ಷೆ ಮಾಡಿಸಿದರೆ ಎಲ್ಲ ಗೊತ್ತಾಗ್ತದಂತೆ, ಹೌದಾ?’ ಈ ಪರೀಕ್ಷೆಗಳಲ್ಲಿ ಕೆಲವು ರೋಗಿಯ ಚಿಕಿತ್ಸೆಯನ್ನೇ ಬದಲಿಸುತ್ತವೆ. ಇನ್ನು ಕೆಲವು ಸಂಶೋಧನೆಯ ಹಂತದಲ್ಲಿಯೇ ಇವೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ಭಾಗದ ನಮ್ಮ ಕುಟುಂಬಗಳು ಪರೀಕ್ಷೆಗೆಂದು ಚಿನ್ನ ಅಡವಿಡುವ ಮೊದಲು ಈ ವ್ಯತ್ಯಾಸವನ್ನು ತಿಳಿದಿರಬೇಕು ಎಂಬ ಉದ್ದೇಶದಿಂದ ಈ ಮಾಹಿತಿಯನ್ನು ನೀಡುತ್ತಿದ್ದೇವೆ.

ಜೀನ್ ಅಭಿವ್ಯಕ್ತಿ ಎಂದರೇನು?

ಮನುಷ್ಯನ ಜೀವಕೋಶದಲ್ಲಿ ಸುಮಾರು 20,000 ಜೀನ್‌ಗಳಿವೆ. ಆದರೆ ಎಲ್ಲವೂ ಒಂದೇ ಸಮಯಕ್ಕೆ ಕೆಲಸ ಮಾಡುವುದಿಲ್ಲ. ಗಂಗೊಳ್ಳಿಯ ಒಂದು ಮೀನುಗಾರರ ಮನೆಯನ್ನು ನೆನಪಿಗೆ ತಂದುಕೊಳ್ಳಿ. ಮನೆಯಲ್ಲಿ ಹತ್ತು ಲೈಟುಗಳಿರಬಹುದು. ಬೆಳಗಿನ ಜಾವ ಮೂರು ಗಂಟೆಗೆ ಅಡುಗೆಕೋಣೆಯ ಲೈಟು ಉರಿಯುತ್ತಿದ್ದರೆ ಯಾರೋ ಕಡಲಿಗೆ ಹೊರಟಿದ್ದಾರೆಂದು ದಾರಿಯಲ್ಲಿ ಹೋಗುವವರಿಗೂ ಗೊತ್ತಾಗುತ್ತದೆ. ಯಾವ ಲೈಟು ಉರಿಯುತ್ತಿದೆ, ಯಾವುದು ಆರಿದೆ ಎಂದು ನೋಡಿ ಒಳಗಿನ ಸಂಗತಿಯನ್ನು ಊಹಿಸಿದ ಹಾಗೆ, ಗಡ್ಡೆಯ ತುಣುಕಿನಲ್ಲಿ ಯಾವ ಜೀನ್ ಹೆಚ್ಚು ಕೆಲಸ ಮಾಡುತ್ತಿದೆ, ಯಾವುದು ಕಡಿಮೆ ಎಂದು ಅಳೆಯುವುದೇ ‘ಜೀನ್ ಅಭಿವ್ಯಕ್ತಿ’ ಪರೀಕ್ಷೆ. ಜೀನ್ ಕೆಲಸ ಮಾಡುವಾಗ ಉಂಟಾಗುವ ಆರ್‌ಎನ್‌ಎ ಎಂಬ ವಸ್ತುವಿನ ಪ್ರಮಾಣವನ್ನು ಇದಕ್ಕಾಗಿ ಅಳೆಯುತ್ತಾರೆ.

‘ಮ್ಯುಟೇಶನ್’ ಎಂಬುದು ಬೇರೆಯೇ ಸಂಗತಿ. ಅದು ವಯರಿಂಗಿನ ದೋಷ ಇದ್ದ ಹಾಗೆ. ಸ್ವಿಚ್ಚು ಸಿಕ್ಕಿಹಾಕಿಕೊಂಡು ಲೈಟು ಆರುವುದೇ ಇಲ್ಲ. ಜೀವಕೋಶ ಬೆಳೆಯುತ್ತಲೇ ಹೋಗುತ್ತದೆ. ಎರಡನ್ನೂ ಜನ ‘ಜೀನ್ ಪರೀಕ್ಷೆ’ ಎಂದೇ ಕರೆಯುವುದರಿಂದ ಗೊಂದಲ ಉಂಟಾಗುತ್ತದೆ.

ಮುಂದಾಗುವುದನ್ನು ಹೇಳುವ ಪರೀಕ್ಷೆ

ಶ್ವಾಸಕೋಶದ ಕ್ಯಾನ್ಸರ್ ಆರಂಭದಲ್ಲಿಯೇ ಸಿಕ್ಕಿದರೆ ಆಪರೇಶನ್ ಮಾಡಿ ಗಡ್ಡೆಯನ್ನು ತೆಗೆಯಬಹುದು. ಹಾಗಿದ್ದರೂ ಕೆಲವರಿಗೆ ಕಾಯಿಲೆ ಮರುಕಳಿಸುತ್ತದೆ. ಯಾರಿಗೆ ಮರುಕಳಿಸೀತು ಎಂದು ಮೊದಲೇ ಗೊತ್ತಾದರೆ ಅಂಥವರಿಗೆ ಮಾತ್ರ ಕಿಮೋಥೆರಪಿ ಕೊಟ್ಟು, ಉಳಿದವರನ್ನು ಅದರ ಕಷ್ಟದಿಂದ ತಪ್ಪಿಸಬಹುದಲ್ಲ? ಈ ಆಸೆಯಿಂದಲೇ ವಿಜ್ಞಾನಿಗಳು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಜೀನ್ ಅಭಿವ್ಯಕ್ತಿಯ ಗುರುತುಗಳನ್ನು ಹುಡುಕುತ್ತಿದ್ದಾರೆ.

ದಾರಿ ಸುಲಭವಾಗಿರಲಿಲ್ಲ. 2006ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡವೊಂದು ಇಂತಹ ವಿಧಾನವನ್ನು ಪ್ರಕಟಿಸಿದಾಗ ದೊಡ್ಡ ಸುದ್ದಿಯಾಯಿತು. ರೋಗಿಗಳ ಮೇಲೆ ಪ್ರಯೋಗವೂ ಶುರುವಾಯಿತು. ಹ್ಯೂಸ್ಟನ್ನಿನ ಇಬ್ಬರು ಸಂಖ್ಯಾಶಾಸ್ತ್ರಜ್ಞರು ಆ ತಂಡದ ಲೆಕ್ಕಗಳನ್ನು ಮರುಪರಿಶೀಲಿಸಿದಾಗ ಅವು ತಾಳೆಯಾಗಲಿಲ್ಲ. 2010ರಲ್ಲಿ ಪ್ರಯೋಗಗಳು ನಿಂತವು. 2011ರಲ್ಲಿ ಲೇಖನವನ್ನೇ ಹಿಂದಕ್ಕೆ ಪಡೆಯಲಾಯಿತು. ಅಮೆರಿಕದ ಇಬ್ಬರು ತಜ್ಞರು ಇಂತಹ 16 ಅಧ್ಯಯನಗಳನ್ನು ಪರಿಶೀಲಿಸಿ, ಒಂದೂ ಆಸ್ಪತ್ರೆಯ ಬಳಕೆಗೆ ಸಿದ್ಧವಾಗಿಲ್ಲ ಎಂದು 2010ರಲ್ಲಿ ಬರೆದರು.

ಅನಂತರದ ಕೆಲಸ ಹೆಚ್ಚು ಭದ್ರವಾಗಿದೆ. 2012ರಲ್ಲಿ 14 ಜೀನ್‌ಗಳ ಒಂದು ಪರೀಕ್ಷೆಯನ್ನು ಅಮೆರಿಕದ 433 ಹಾಗೂ ಚೀನಾದ 1,006 ರೋಗಿಗಳ ಗಡ್ಡೆಗಳಲ್ಲಿ ಪರಿಶೀಲಿಸಲಾಯಿತು. ಅಪಾಯ ಹೆಚ್ಚಿರುವವರನ್ನೂ ಕಡಿಮೆ ಇರುವವರನ್ನೂ ಅದು ಬೇರ್ಪಡಿಸಿ ತೋರಿಸಿತು. ಇನ್ನೊಂದು ತೊಡಕೂ ಇತ್ತು. ಒಂದೇ ಗಡ್ಡೆಯ ಎರಡು ಮೂಲೆಗಳಿಂದ ತುಣುಕು ತೆಗೆದರೆ ಎರಡು ಬೇರೆ ಉತ್ತರ ಬರುವುದುಂಟು. ಗಡ್ಡೆಯ ಎಲ್ಲ ಭಾಗಗಳಲ್ಲಿಯೂ ಸರಿಸುಮಾರು ಒಂದೇ ಸಮನಾಗಿರುವ 23 ಜೀನ್‌ಗಳನ್ನು 2019ರಲ್ಲಿ ಲಂಡನ್ನಿನ ಸಂಶೋಧಕರು ಆರಿಸಿ ತೋರಿಸಿದರು.

ಆದರೂ ‘ಅಪಾಯ ಹೆಚ್ಚು’ ಎಂದು ಗೊತ್ತಾಗುವುದು ಬೇರೆ, ಅಂಥವರಿಗೆ ಔಷಧ ಕೊಟ್ಟರೆ ಒಳಿತಾಗುತ್ತದೆ ಎಂದು ರುಜುವಾತಾಗುವುದು ಬೇರೆ. ಸ್ತನ ಕ್ಯಾನ್ಸರಿನಲ್ಲಿ ಈ ಎರಡನೆಯ ಕೆಲಸ ಆಗಿದೆ. ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರು ಭಾಗವಹಿಸಿದ, 2018ರಲ್ಲಿ ಪ್ರಕಟವಾದ ಅಧ್ಯಯನವು 21 ಜೀನ್‌ಗಳ ಪರೀಕ್ಷೆಯ ಸಹಾಯದಿಂದ ಅನೇಕರಿಗೆ ಕಿಮೋ ಬೇಡವೆಂದು ತೋರಿಸಿತು. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಅಷ್ಟು ಗಟ್ಟಿ ಆಧಾರ ಇನ್ನೂ ದೊರೆತಿಲ್ಲ. ಆದ್ದರಿಂದ ಇಂತಹ ಪರೀಕ್ಷೆ ಎಲ್ಲ ರೋಗಿಗಳ ಸಾಮಾನ್ಯ ಚಿಕಿತ್ಸಾ ಕ್ರಮದಲ್ಲಿ ಸೇರಿಲ್ಲ.

ಔಷಧವನ್ನು ಆರಿಸುವ ಪರೀಕ್ಷೆ

ನಮ್ಮ ದೇಶದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿನವರಲ್ಲಿ ಪತ್ತೆಯಾಗುವುದು ಮೂರನೇ ಅಥವಾ ನಾಲ್ಕನೇ ಹಂತದಲ್ಲಿ. ಕಾಯಿಲೆ ಹರಡಿದವರಿಗೆ ಮುಖ್ಯವಾಗಿ ಬೇಕಾದದ್ದು ಮ್ಯುಟೇಶನ್ ಪರೀಕ್ಷೆ. ಭಾರತದಲ್ಲಿ ‘ಅಡಿನೋಕಾರ್ಸಿನೋಮ’ ಎಂಬ ವಿಧದ ರೋಗಿಗಳಲ್ಲಿ ಸ್ಥೂಲವಾಗಿ ನಾಲ್ವರಲ್ಲಿ ಒಬ್ಬರಿಗೆ ‘ಇಜಿಎಫ್‌ಆರ್’ ಎಂಬ ಜೀನಿನ ಸ್ವಿಚ್ಚು ಸಿಕ್ಕಿಹಾಕಿಕೊಂಡಿರುತ್ತದೆ. ಹೆಂಗಸರಲ್ಲಿ ಮತ್ತು ಬೀಡಿ ಸಿಗರೇಟು ಸೇದದವರಲ್ಲಿ ಇದು ಇನ್ನೂ ಹೆಚ್ಚು. ಇವರಿಗೆ ಜೆಫಿಟಿನಿಬ್‌ನಂತಹ ಮಾತ್ರೆ ಆ ಸ್ವಿಚ್ಚನ್ನು ಅದುಮಿ ಹಿಡಿಯುತ್ತದೆ. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ 350 ರೋಗಿಗಳ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾತ್ರೆಯ ಜೊತೆ ಕಿಮೋ ಕೂಡ ಕೊಟ್ಟಾಗ ಕಾಯಿಲೆ ಹತೋಟಿಯಲ್ಲಿದ್ದ ಅವಧಿ 8 ತಿಂಗಳಿಂದ 16 ತಿಂಗಳಿಗೆ ಏರಿತು. ಆದರೆ ಅಡ್ಡಪರಿಣಾಮಗಳೂ ಹೆಚ್ಚಿದವು. ‘ಎಎಲ್‌ಕೆ’ ಎಂಬ ಇನ್ನೊಂದು ದೋಷಕ್ಕೂ ಬೇರೆ ಮಾತ್ರೆಗಳಿವೆ.

ಅಭಿವ್ಯಕ್ತಿಯನ್ನು ಅಳೆಯುವ ಒಂದು ಪರೀಕ್ಷೆಯೂ ಈಗ ಬಳಕೆಯಲ್ಲಿದೆ. ಅದರ ಹೆಸರು ‘ಪಿಡಿ-ಎಲ್1’. ಗಡ್ಡೆಯ ಜೀವಕೋಶಗಳಲ್ಲಿ ಈ ಪ್ರೋಟೀನ್ ಶೇಕಡಾ ಎಷ್ಟು ಇದೆ ಎಂಬುದನ್ನು ನೋಡಿ, ಇಮ್ಯುನೋಥೆರಪಿ ಪ್ರಯೋಜನವಾದೀತೇ ಎಂದು ವೈದ್ಯರು ಅಂದಾಜು ಮಾಡುತ್ತಾರೆ. ಈ ಔಷಧ ಬಹಳ ದುಬಾರಿ. ಆದುದರಿಂದ ಪರೀಕ್ಷೆಗೆ ಮೊದಲೇ ಔಷಧದ ಖರ್ಚನ್ನೂ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಹಣ ಕಟ್ಟುವ ಮೊದಲು ಕೇಳಬೇಕಾದದ್ದು

ವೈದ್ಯರಲ್ಲಿ ಪ್ರಶ್ನೆ ಕೇಳಲು ನಾಚಿಕೆ, ಹೆದರಿಕೆ ಬೇಡ. ಗೌರವದಿಂದ ಹೀಗೆ ಕೇಳಿ:

1. ಈ ಪರೀಕ್ಷೆಯ ಉತ್ತರ ಹೌದು ಎಂದು ಬಂದರೆ ಯಾವ ಚಿಕಿತ್ಸೆ, ಇಲ್ಲ ಎಂದು ಬಂದರೆ ಯಾವ ಚಿಕಿತ್ಸೆ? ಎರಡಕ್ಕೂ ಒಂದೇ ಚಿಕಿತ್ಸೆಯಾದರೆ ಪರೀಕ್ಷೆ ಎಂತಕ್ಕೆ?

2. ಮೊದಲು ತೆಗೆದ ಬಯಾಪ್ಸಿಯ ತುಣುಕು ಸಾಕೇ? ಆ ತುಣುಕನ್ನು ಮೇಣದ ಬ್ಲಾಕಿನಲ್ಲಿ ಇಟ್ಟಿರುತ್ತಾರೆ. ಬೇರೆ ಆಸ್ಪತ್ರೆಗೆ ಹೋಗುವಾಗ ರಿಪೋರ್ಟಿನ ಜೊತೆಗೆ ಬ್ಲಾಕನ್ನೂ ಕೇಳಿ ಪಡೆಯಿರಿ. ಅದಿದ್ದರೆ ಎಷ್ಟೋ ಸಲ ಇನ್ನೊಮ್ಮೆ ಸೂಜಿ ಚುಚ್ಚಿಸಿಕೊಳ್ಳುವುದು ತಪ್ಪುತ್ತದೆ.

3. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಯಾವ ಖರ್ಚು ಸೇರುತ್ತದೆ, ಯಾವುದು ಸೇರುವುದಿಲ್ಲ? ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ. ಆಸ್ಪತ್ರೆಯಲ್ಲಿರುವ ‘ಆರೋಗ್ಯ ಮಿತ್ರ’ರನ್ನು ಮೊದಲೇ ಕಾಣಿರಿ. ಬಿಲ್ಲು ಆದ ಮೇಲೆ ಓಡಾಡಿ ಪ್ರಯೋಜನವಿಲ್ಲ.

ನಮಗೆ ಹತ್ತಿರದಲ್ಲಿ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಕ್ಯಾನ್ಸರ್ ವಿಭಾಗವಿದೆ. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸಂಸ್ಥೆ ಇದೆ.

ಎಲ್ಲಕ್ಕಿಂತ ಮೊದಲು

ಯಾವ ಜೀನ್ ಪರೀಕ್ಷೆಯೂ ತಡವಾಗಿ ಬಂದವರಿಗೆ ಕಳೆದುಹೋದ ಸಮಯವನ್ನು ಹಿಂದಕ್ಕೆ ಕೊಡುವುದಿಲ್ಲ. ಮೂರು ವಾರ ಕಳೆದರೂ ನಿಲ್ಲದ ಕೆಮ್ಮು, ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಸ್ವರ ಒಡೆಯುವುದು, ಇವುಗಳಲ್ಲಿ ಯಾವುದಿದ್ದರೂ ಎಕ್ಸ್‌ರೇ ಮಾಡಿಸಿ. ನಮ್ಮಲ್ಲಿ ಈ ಕಾಯಿಲೆಯನ್ನು ಕ್ಷಯವೆಂದು ತಿಳಿದು ತಿಂಗಳುಗಳು ಕಳೆದುಹೋಗುವುದುಂಟು. ಕ್ಷಯದ ಮಾತ್ರೆ ಸರಿಯಾಗಿ ತೆಗೆದುಕೊಂಡರೂ ಗುಣ ಕಾಣದಿದ್ದರೆ ಮಾತ್ರೆಯನ್ನು ಬಿಡದೆ ಮತ್ತೆ ವೈದ್ಯರನ್ನು ಕಂಡು ತೋರಿಸಿ. ಬೀಡಿ ಕಟ್ಟಿದ್ದು ಬಿಟ್ಟರೆ ಒಮ್ಮೆಯೂ ಸೇದದ ಹೆಂಗಸರೂ ‘ನಮಗೆಂತ ಕ್ಯಾನ್ಸರ್’ ಎಂದು ಸುಮ್ಮನಿರಬಾರದು. ಸೇದುವವರು ಇವತ್ತೇ ಬಿಡಲಿ. ಸೌದೆ ಒಲೆಯ ಹೊಗೆ ಹೊರಗೆ ಹೋಗುವ ಹಾಗೆ ಏರ್ಪಾಡು ಮಾಡಿ.

ರಿಪೋರ್ಟಿನಲ್ಲಿ ‘ಅಪಾಯ ಹೆಚ್ಚು’ ಎಂದು ಬರೆದಿದ್ದರೆ ಅದು ನೂರಾರು ರೋಗಿಗಳ ಲೆಕ್ಕದಿಂದ ಬಂದ ಮಾತೇ ಹೊರತು ನಿಮ್ಮ ಮನೆಯವರ ಹಣೆಬರಹ ಅಲ್ಲ. ಅದನ್ನು ನೋಡಿ ಚಿಕಿತ್ಸೆ ನಿಲ್ಲಿಸಬೇಡಿ. ‘ಅಪಾಯ ಕಡಿಮೆ’ ಎಂದಿದ್ದರೂ ವೈದ್ಯರು ಹೇಳಿದ ದಿನ ತಪ್ಪದೆ ತಪಾಸಣೆಗೆ ಹೋಗಿ. ಈ ವಿಷಯವನ್ನು ನಿಮ್ಮ ಗುಂಪಿನ ಮುಂದಿನ ಸಭೆಯಲ್ಲಿ ಓದಿ, ಓದಲು ಬಾರದ ಹಿರಿಯರಿಗೂ ತಿಳಿಸಿ ಎಂದು ವಿನಂತಿಸುತ್ತೇವೆ.